ಭರಣಿಯೊಳಗಿನ ಪಂದ್ಯಾವಳಿ: ಸಾಂಕ್ರಾಮಿಕದ ಕಾಲದಲ್ಲಿ ಕ್ರೀಡಾ ತಂಡಗಳನ್ನು ಕಾಯುವುದು ಹೇಗೆ?

2021ರ ಡಿಸೆಂಬರ್ 22ರ ಸಂಜೆ ಬೆಂಗಳೂರಿನ ವೈಟ್‌ಫೀಲ್ಡ್‌ನ ಶೆರಾಟನ್ ಗ್ರ್ಯಾಂಡ್ ಹೋಟೆಲಿನ ಸಭಾಂಗಣದಲ್ಲಿ ಪ್ರೊ ಕಬಡ್ಡಿ ಲೀಗ್‌ನ ಎಂಟನೇ ಆವೃತ್ತಿ ಆರಂಭವಾದಾಗ, ಅಲ್ಲಿ ಟಿಕೆಟ್ ಕೊಂಡು ಬಂದ ಒಬ್ಬ ಪ್ರೇಕ್ಷಕನೂ ಇರಲಿಲ್ಲ. ಮೊದಲ ಪಂದ್ಯ ಬೆಂಗಳೂರು ಬುಲ್ಸ್ ಮತ್ತು ಯು ಮುಂಬಾ ನಡುವೆ. ಊರಿನ ತಂಡ ಊರಿನಲ್ಲೇ ಆಡುತ್ತಿದ್ದರೂ ಊರಿನವರು ಅದನ್ನು ಟಿ.ವಿ.ಯಲ್ಲಿ ನೋಡಬೇಕಾಯಿತು. ಹಿಂದಿನ ವರ್ಷಗಳಲ್ಲಿ ಊರಿಂದೂರಿಗೆ ಸಾಗುತ್ತಿದ್ದ ಈ ಲೀಗ್‌ನ 12 ತಂಡಗಳೂ ಈ ಸಲ ಒಂದೇ ಹೋಟೆಲಿನಲ್ಲಿ ತಂಗಿದ್ದವು. ಊಟ, ನಿದ್ದೆ, ಆಟ ಎಲ್ಲವೂ ಅಲ್ಲಿಯೇ. ಇದಕ್ಕೆ ಕೇವಲ 20 ದಿನ ಮುಂಚೆ, ಕೋವಿಡ್ ವೈರಾಣುವಿನ ಹೊಸ ರೂಪಾಂತರವಾದ ಓಮಿಕ್ರಾನ್‌ನ ಭಾರತದ ಮೊದಲ ಎರಡು ಪ್ರಕರಣಗಳು ಕರ್ನಾಟಕದಲ್ಲೇ ದೃಢಪಟ್ಟಿದ್ದವು.

ಕಬಡ್ಡಿಯ ನಿಯಮವನ್ನು ಒಮ್ಮೆ ನೆನಪಿಸಿಕೊಳ್ಳೋಣ. 13 ಮೀಟರ್ ಉದ್ದ, 10 ಮೀಟರ್ ಅಗಲದ ಅಂಕಣದಲ್ಲಿ ರೇಡರ್ ಎದುರಾಳಿಯ ಅಂಗಳಕ್ಕೆ ನುಗ್ಗಿ, 30 ಸೆಕೆಂಡಿನ ರೇಡ್ ಮುಗಿಯುವವರೆಗೂ ‘ಕಬಡ್ಡಿ ಕಬಡ್ಡಿ’ ಎಂದು ಬಿಡದೆ ಉಸುರುತ್ತಿರಬೇಕು. ಎದುರಿಗೆ ಕೈಕೈ ಹಿಡಿದು ನಿಂತವರು ಏಳು ಮಂದಿ. ಸಿಕ್ಕಿಬಿದ್ದರೆ ನಾಲ್ಕೈದು ಜನ ಅವನ ಮೇಲೆ ಬೀಳುತ್ತಾರೆ, ಮುಖಕ್ಕೆ ಮುಖ ತಾಗುವಷ್ಟು ಹತ್ತಿರ. ಉಸಿರಿನ ಮೂಲಕ ಹರಡುವ ವೈರಾಣುವಿಗೆ ಇದಕ್ಕಿಂತ ಅನುಕೂಲವಾದ ಆಟವನ್ನು ಹುಡುಕುವುದು ಕಷ್ಟ. ಹಾಗಿದ್ದೂ ಎರಡು ತಿಂಗಳ ಲೀಗ್ ಕೊನೆ ಮುಟ್ಟಿತು. ಅದೇ ವರ್ಷದ ಮೇ ತಿಂಗಳಲ್ಲಿ ಬಯಲಿನಲ್ಲಿ, ದೂರದೂರ ನಿಂತು ಆಡುವ ಕ್ರಿಕೆಟ್‌ನ ಐಪಿಎಲ್ ಅರ್ಧಕ್ಕೇ ನಿಂತಿತ್ತು. ಈ ವಿಚಿತ್ರವನ್ನು ಅರ್ಥ ಮಾಡಿಕೊಂಡರೆ, ಸಾಂಕ್ರಾಮಿಕದ ನಡುವೆ ತಂಡಗಳನ್ನು ಕಾಯುವ ವಿದ್ಯೆಯ ಬಹುಪಾಲು ಅರ್ಥವಾದಂತೆ.

ಅಪಾಯ ಇರುವುದು ಮೈದಾನದಲ್ಲಲ್ಲ

ಕೋವಿಡ್ ಉಂಟುಮಾಡುವ ವೈರಾಣು ಮುಖ್ಯವಾಗಿ ಹರಡುವುದು ಉಸಿರಿನಿಂದ. ಕೆಮ್ಮಿದಾಗ, ಮಾತನಾಡಿದಾಗ ಹೊರಬೀಳುವ ದೊಡ್ಡ ಹನಿಗಳು ಬೇಗ ನೆಲಕ್ಕಿಳಿಯುತ್ತವೆ. ಅತಿ ಸಣ್ಣ ಕಣಗಳು ಗಾಳಿಯಲ್ಲೇ ತೇಲುತ್ತಿರುತ್ತವೆ. ಅಡುಗೆಮನೆಯಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಸೀದಾಗ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಒಲೆಯ ಮುಂದಿರುವವರು ಮೊದಲು ಕೆಮ್ಮುತ್ತಾರೆ, ಆಮೇಲೆ ನಡುಮನೆಯಲ್ಲಿ ಕೂತವರು. ಕಿಟಕಿ ಬಾಗಿಲು ಮುಚ್ಚಿದ್ದರೆ ಘಾಟು ಬಹಳ ಹೊತ್ತು ನಿಲ್ಲುತ್ತದೆ, ಹಿತ್ತಲಿನಲ್ಲಿ ಒಲೆ ಹೂಡಿದ್ದರೆ ಕ್ಷಣದಲ್ಲಿ ಚದುರಿಹೋಗುತ್ತದೆ. ವೈರಾಣು ತುಂಬಿದ ಉಸಿರಿನ ನಡತೆಯೂ ಹೀಗೆಯೇ. ಆದರೆ ಅದಕ್ಕೆ ವಾಸನೆಯಿಲ್ಲವಾದ್ದರಿಂದ ಯಾರೂ ಎಚ್ಚರಗೊಳ್ಳುವುದಿಲ್ಲ.

ಆದ್ದರಿಂದ ಕ್ರಿಕೆಟ್ ಅಥವಾ ಫುಟ್‌ಬಾಲ್ ತಂಡವೊಂದರ ದಿನಚರಿಯಲ್ಲಿ ಮೈದಾನವೇ ಹೆಚ್ಚು ಸುರಕ್ಷಿತವಾದ ಜಾಗ. ಅಪಾಯವಿರುವುದು ಕಿಟಕಿ ಮುಚ್ಚಿದ ಹವಾನಿಯಂತ್ರಿತ ಬಸ್ಸಿನಲ್ಲಿ, ಡ್ರೆಸ್ಸಿಂಗ್ ರೂಮಿನಲ್ಲಿ, ತಂಡದ ಸಭೆಯಲ್ಲಿ, ಮಾಸ್ಕ್ ತೆಗೆದು ಎದುರುಬದುರು ಕೂತು ಉಣ್ಣುವ ಮೇಜಿನಲ್ಲಿ ಮತ್ತು ಸ್ನಾಯು ನೋವಿಗೆ ಚಿಕಿತ್ಸೆ ಕೊಡುವ ಫಿಸಿಯೋ ಮುಂದೆ ಅರ್ಧ ಗಂಟೆ ಮಲಗುವ ಮಂಚದ ಮೇಲೆ. ಫಿಸಿಯೋ ಕೈ ತಂಡದ ಪ್ರತಿಯೊಬ್ಬರ ಮೈಮೇಲೂ ಹರಿದಾಡುತ್ತದೆ. ತಂಡದಲ್ಲಿ ಯಾರಿಗೆ ಸೋಂಕು ತಗುಲಿದರೆ ಅತಿ ಹೆಚ್ಚು ತೊಂದರೆ ಎಂದು ಕೇಳಿದರೆ, ನಾಯಕನ ಹೆಸರಿಗಿಂತ ಮೊದಲು ಫಿಸಿಯೋ ಹೆಸರು ಬರಬೇಕು.

ಗಟ್ಟಿಮುಟ್ಟಾದ ಯುವಕರಿಗೆ ಇಷ್ಟೆಲ್ಲ ಎಚ್ಚರಿಕೆ ಏಕೆ ಎಂಬ ಪ್ರಶ್ನೆ ಆಗ ಹಲವರಲ್ಲಿತ್ತು. ಸೋಂಕು ಕೆಲವರಲ್ಲಿ ಹೃದಯದ ಸ್ನಾಯುವಿನ ಉರಿಯೂತಕ್ಕೆ ಕಾರಣವಾಗುತ್ತದೆ. ಅಂಥ ಸ್ಥಿತಿಯಲ್ಲಿ ಕಠಿಣ ವ್ಯಾಯಾಮ ಮಾಡಿದರೆ ಹೃದಯದ ಬಡಿತ ತಪ್ಪುವ ಅಪಾಯವಿದೆ. ಅಮೆರಿಕದ ಬೇಸ್‌ಬಾಲ್ ತಂಡ ಬೋಸ್ಟನ್ ರೆಡ್ ಸಾಕ್ಸ್‌ನ ಪಿಚರ್ ಎಡ್ವಾರ್ಡೊ ರೋಡ್ರಿಗೆಸ್ ಇದೇ ಕಾರಣಕ್ಕೆ 2020ರ ಇಡೀ ಋತುವನ್ನು ಕಳೆದುಕೊಂಡರು. ಸೋಂಕಿನಿಂದ ಚೇತರಿಸಿಕೊಂಡ ಆಟಗಾರ ಹೃದಯ ಪರೀಕ್ಷೆಯ ನಂತರ ಹಂತಹಂತವಾಗಿ ಅಭ್ಯಾಸಕ್ಕೆ ಮರಳಬೇಕೆಂಬ ಪದ್ಧತಿ ಬಂದದ್ದು ಈ ಭಯದಿಂದ. ಅಲ್ಲದೆ ತರಬೇತುದಾರರು, ಅಂಪೈರ್‌ಗಳು, ಬಸ್ ಚಾಲಕರು, ಹೋಟೆಲಿನ ಅಡುಗೆಯವರು ಎಲ್ಲರೂ ಇಪ್ಪತ್ತೈದರ ಹರೆಯದವರಲ್ಲ.

ಬಬಲ್ ಎಂದರೆ ತಿರುಗಿಸಿದ ಸೀಲ್‌ಡೌನ್

‘ಬಯೋ ಬಬಲ್’ ಎಂಬ ಮಾತು 2020ರಲ್ಲಿ ಎಲ್ಲರ ಬಾಯಿಗೆ ಬಂತು. ನಮ್ಮ ಪತ್ರಿಕೆಗಳು ಅದನ್ನು ಜೀವ ಸುರಕ್ಷಾ ವಲಯ ಎಂದು ಕರೆದವು. ಕರ್ನಾಟಕದವರಿಗೆ ಇದನ್ನು ವಿವರಿಸುವುದು ಸುಲಭ, ಏಕೆಂದರೆ ಬೀದಿಗೆ ಬೀದಿಯನ್ನೇ ತಗಡು ಬಡಿದು ಮುಚ್ಚಿದ ‘ಸೀಲ್‌ಡೌನ್’ ಅನ್ನು ನಾವು ಕಂಡಿದ್ದೇವೆ. ಸೀಲ್‌ಡೌನ್‌ನಲ್ಲಿ ಕಾಯಿಲೆ ಒಳಗಿರುತ್ತದೆ, ಹೊರಗೆ ಬಿಡಬಾರದು. ಬಬಲ್‌ನಲ್ಲಿ ಕಾಯಿಲೆ ಹೊರಗಿರುತ್ತದೆ, ಒಳಗೆ ಬಿಡಬಾರದು.

ಇನ್ನೂ ಹತ್ತಿರದ ಹೋಲಿಕೆ ಉಪ್ಪಿನಕಾಯಿ ಭರಣಿಯದು. ಭರಣಿಯನ್ನು ಮೊದಲು ತೊಳೆದು ಬಿಸಿಲಿಗಿಟ್ಟು ಒಣಗಿಸುತ್ತೇವೆ, ಒಳಗೆ ಹಾಕುವ ಪ್ರತಿಯೊಂದು ಮಾವಿನ ಹೋಳಿನ ನೀರನ್ನೂ ಒರೆಸುತ್ತೇವೆ, ಬಾಯಿಗೆ ಬಟ್ಟೆ ಬಿಗಿದು ಕಟ್ಟುತ್ತೇವೆ. ಆಮೇಲೆ ವರ್ಷವಿಡೀ ಒಂದೇ ಎಚ್ಚರಿಕೆ: ಒದ್ದೆ ಚಮಚ ಒಳಗೆ ಹೋಗಕೂಡದು. ಒಂದು ಸಲ ಹೋದರೂ ಬೂಸ್ಟು ಹಿಡಿಯುವುದು ಆ ಒಂದು ಹೋಳಿಗಲ್ಲ, ಇಡೀ ಭರಣಿಗೆ. ಬಬಲ್‌ನ ಶಕ್ತಿಯೂ ದೌರ್ಬಲ್ಯವೂ ಇದೇ. ಒಳಗಿರುವವರೆಲ್ಲ ಸ್ವಚ್ಛವಾಗಿದ್ದಾರೆಂಬ ನಂಬಿಕೆಯ ಮೇಲೆ ಅವರು ಪರಸ್ಪರ ಮಾಸ್ಕ್ ಇಲ್ಲದೆ ಬೆರೆಯುತ್ತಾರೆ. ಆ ನಂಬಿಕೆ ಒಂದೆಡೆ ಹುಸಿಯಾದರೆ ಸೋಂಕು ಸಲೀಸಾಗಿ ಹರಡುತ್ತದೆ.

ಇದರ ಅತ್ಯಂತ ಕಟ್ಟುನಿಟ್ಟಿನ ಮಾದರಿಯನ್ನು ಕಟ್ಟಿದ್ದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ. 2020ರ ಮಾರ್ಚ್ 11ರಂದು ಒಬ್ಬ ಆಟಗಾರನಿಗೆ ಸೋಂಕು ಖಚಿತವಾದ ರಾತ್ರಿಯೇ ಲೀಗ್ ನಿಂತುಹೋಗಿತ್ತು. ಜುಲೈ 30ರಂದು ಅದು ಮತ್ತೆ ಆರಂಭವಾದದ್ದು ಫ್ಲಾರಿಡಾದ ಒರ್ಲ್ಯಾಂಡೊ ಸಮೀಪದ ಡಿಸ್ನಿ ವರ್ಲ್ಡ್ ಆವರಣದಲ್ಲಿ. 22 ತಂಡಗಳು, ಪ್ರತಿದಿನ ಪರೀಕ್ಷೆ, ಆವರಣದ ಸುತ್ತ ಒಂದು ಗೆರೆ. ಹೊರಗಿನಿಂದ ತರಿಸಿದ ಊಟದ ಪೊಟ್ಟಣ ತೆಗೆದುಕೊಳ್ಳಲೆಂದು ಆ ಲಕ್ಷ್ಮಣರೇಖೆಯನ್ನು ದಾಟಿದ ಆಟಗಾರನೊಬ್ಬ ಮತ್ತೆ ಕೋಣೆಯಲ್ಲಿ ದಿನಗಟ್ಟಲೆ ಕ್ವಾರಂಟೈನ್ ಅನುಭವಿಸಬೇಕಾಯಿತು. ಊಟದ ಪೊಟ್ಟಣಕ್ಕೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ಆಗ ನಕ್ಕವರಿದ್ದರು. ಆದರೆ ಅಕ್ಟೋಬರ್ 11ರಂದು ಲೀಗ್ ಮುಗಿದಾಗ, ಆವರಣ ಪ್ರವೇಶಿಸಿ ಆಟಕ್ಕೆ ಇಳಿದ ಆಟಗಾರರಲ್ಲಿ ಒಬ್ಬರಿಗೂ ಸೋಂಕು ತಗುಲಿರಲಿಲ್ಲ.

ಕ್ರಿಕೆಟ್‌ನಲ್ಲಿ ಮೊದಲ ಪ್ರಯೋಗ ನಡೆದದ್ದು 2020ರ ಜುಲೈನಲ್ಲಿ, ಇಂಗ್ಲೆಂಡ್ ಮತ್ತು ವೆಸ್ಟ್ ಇಂಡೀಸ್ ನಡುವಿನ ಟೆಸ್ಟ್ ಸರಣಿಯಲ್ಲಿ. ಲಾರ್ಡ್ಸ್ ಅನ್ನು ಬಿಟ್ಟು ಸೌತಾಂಪ್ಟನ್ ಮತ್ತು ಓಲ್ಡ್ ಟ್ರಾಫರ್ಡ್ ಅನ್ನು ಆಯ್ದುಕೊಳ್ಳಲು ಕಾರಣ, ಆ ಎರಡೂ ಕ್ರೀಡಾಂಗಣಗಳ ಆವರಣದಲ್ಲೇ ಹೋಟೆಲ್ ಇರುವುದು. ಕೋಣೆಯಿಂದ ಮೈದಾನಕ್ಕೆ ನಡೆದೇ ಹೋಗಬಹುದು, ಬಸ್ಸೇ ಬೇಡ. ಎರಡು ಟೆಸ್ಟ್‌ಗಳ ನಡುವೆ ತಮ್ಮ ಮನೆಗೆ ಹೋಗಿಬಂದ ವೇಗಿ ಜೋಫ್ರಾ ಆರ್ಚರ್ ಅವರನ್ನು ಎರಡನೇ ಟೆಸ್ಟ್‌ನಿಂದಲೇ ಕೈಬಿಡಲಾಯಿತು.

ಹೆಪ್ಪಿನ ಲೆಕ್ಕ: ಒಂದು ಪರೀಕ್ಷೆ ಏಕೆ ಸಾಲದು?

ಭರಣಿಗೆ ಹಾಕುವ ಮುನ್ನ ಹೋಳು ಒಣಗಿದೆಯೇ ಎಂದು ಮುಟ್ಟಿ ನೋಡಬಹುದು. ಮನುಷ್ಯರನ್ನು ಹಾಗೆ ನೋಡಲಾಗದು. ಅದಕ್ಕಾಗಿ ಆರ್‌ಟಿ-ಪಿಸಿಆರ್ ಪರೀಕ್ಷೆ. ಮೂಗು ಮತ್ತು ಗಂಟಲಿನ ಆಳಕ್ಕೆ ಕಡ್ಡಿ ಹಾಕಿ ತಿರುವುವಾಗ ಕಣ್ಣಲ್ಲಿ ನೀರು ಬಂದ ನೆನಪು ನಮ್ಮಲ್ಲಿ ಬಹಳ ಮಂದಿಗಿದೆ. ಆ ಕಡ್ಡಿಗೆ ಅಂಟಿದ ದ್ರವದಲ್ಲಿ ವೈರಾಣುವಿನ ಆರ್‌ಎನ್‌ಎ ತುಣುಕು ಇದ್ದರೆ, ಯಂತ್ರ ಅದನ್ನು ಮೊದಲು ಡಿಎನ್‌ಎ ಆಗಿ ಬದಲಿಸಿ ಬಳಿಕ ಸುತ್ತು ಸುತ್ತಿಗೂ ಎರಡು ಪಟ್ಟು ಮಾಡುತ್ತದೆ. ಹತ್ತು ಸುತ್ತಿಗೆ ಒಂದು ತುಣುಕು ಸಾವಿರವಾಗುತ್ತದೆ, ಮೂವತ್ತು ಸುತ್ತಿಗೆ ನೂರು ಕೋಟಿ ದಾಟುತ್ತದೆ. ಎಷ್ಟನೆಯ ಸುತ್ತಿನಲ್ಲಿ ಅದು ಕಣ್ಣಿಗೆ ಬಿತ್ತೆಂಬುದೇ ವರದಿಯಲ್ಲಿರುವ ‘ಸಿಟಿ ಮೌಲ್ಯ’. ಅದು ಕಡಿಮೆಯಿದ್ದಷ್ಟೂ ವೈರಾಣು ಹೆಚ್ಚಿತ್ತೆಂದು ಅರ್ಥ.

ಇಷ್ಟು ಸೂಕ್ಷ್ಮವಾದ ಪರೀಕ್ಷೆಯೂ ಒಂದು ವಿಷಯದಲ್ಲಿ ಸೋಲುತ್ತದೆ. ರಾತ್ರಿ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿ, ಹತ್ತು ನಿಮಿಷ ಬಿಟ್ಟು ಮುಚ್ಚಳ ತೆಗೆದರೆ ಕಾಣುವುದು ಹಾಲೇ. ಮೊಸರಾಗುವುದು ಖಚಿತ, ಆದರೆ ಅದಿನ್ನೂ ಮೊಸರಲ್ಲ. ವೈರಾಣು ಒಳಹೊಕ್ಕ ಮೊದಲ ಒಂದೆರಡು ದಿನ ದೇಹದ ಸ್ಥಿತಿ ಇದೇ; ಪರೀಕ್ಷೆ ಮಾಡಿದರೆ ‘ನೆಗೆಟಿವ್’ ಬರುತ್ತದೆ. ಸೋಂಕು ತಗುಲಿದ ದಿನದಿಂದ ಲಕ್ಷಣ ಕಾಣುವವರೆಗಿನ ಅವಧಿ 2ರಿಂದ 14 ದಿನ, ಸರಾಸರಿ ಸುಮಾರು 5 ದಿನ ಎಂದು ಮೊದಲ ವರ್ಷದಲ್ಲೇ ಕಂಡುಕೊಳ್ಳಲಾಗಿತ್ತು. ಓಮಿಕ್ರಾನ್‌ನಲ್ಲಿ ಅದು ಇನ್ನೂ ಕಡಿಮೆಯಾಯಿತು. ಇನ್ನೂ ಕೆಟ್ಟ ಸಂಗತಿಯೆಂದರೆ, ಲಕ್ಷಣ ಕಾಣಿಸಿಕೊಳ್ಳುವ ಒಂದೆರಡು ದಿನ ಮೊದಲೇ ಆ ವ್ಯಕ್ತಿ ಇತರರಿಗೆ ಸೋಂಕು ಹರಡಬಲ್ಲ.

2020ರ ಐಪಿಎಲ್‌ಗಾಗಿ ತಂಡಗಳು ಯುಎಇಗೆ ಬಂದಿಳಿದಾಗ 1, 3 ಮತ್ತು 6ನೇ ದಿನ ಪರೀಕ್ಷೆ ಮಾಡಿ, ಮೂರೂ ನೆಗೆಟಿವ್ ಆದ ಮೇಲೆ ಮಾತ್ರ ಕೋಣೆಯಿಂದ ಹೊರಗೆ ಬಿಟ್ಟದ್ದರ ಹಿಂದಿನ ಲೆಕ್ಕ ಇದು. ಮೊದಲ ದಿನ ಹಾಲಾಗಿ ಕಂಡದ್ದು ಮೂರನೆಯ ದಿನವೋ ಆರನೆಯ ದಿನವೋ ಮೊಸರಾಗಿ ಸಿಕ್ಕಿಬೀಳುತ್ತದೆ. ಆ ವರ್ಷದ ಆಗಸ್ಟ್ 20ರಿಂದ 28ರವರೆಗೆ ನಡೆಸಿದ 1,988 ಪರೀಕ್ಷೆಗಳಲ್ಲಿ 13 ಮಂದಿಗೆ ಸೋಂಕಿರುವುದು ಕಂಡುಬಂತು, ಅವರಲ್ಲಿ ಇಬ್ಬರು ಆಟಗಾರರು. ಸುದ್ದಿ ಕೇಳಿ ಟೂರ್ನಿಯೇ ಮುಗಿಯಿತೆಂದು ಎಲ್ಲರೂ ಗಾಬರಿಯಾದರು. ಆದರೆ ಜರಡಿ ಹಿಡಿಯುವುದೇ ಕಲ್ಲು ಸಿಗಲೆಂದು. ಅವರು ಸಿಕ್ಕಿದ್ದು ಬಬಲ್ ಕಟ್ಟುವ ಹಂತದಲ್ಲಿ, ಟೂರ್ನಿ ಆರಂಭಕ್ಕೆ ಮೂರು ವಾರ ಮೊದಲು.

ಇಲ್ಲಿ ಎರಡು ಪದಗಳನ್ನು ಬೇರ್ಪಡಿಸಿಕೊಳ್ಳಬೇಕು, ಏಕೆಂದರೆ ಸುದ್ದಿವಾಹಿನಿಗಳು ಅವನ್ನು ಆಗಾಗ ಕಲಸಿಬಿಟ್ಟವು. ಸೋಂಕು ಇರಬಹುದೆಂಬ ಅನುಮಾನವಿದ್ದವರನ್ನು ಬೇರೆ ಇಡುವುದು ಕ್ವಾರಂಟೈನ್. ಸೋಂಕು ಖಚಿತವಾದವರನ್ನು ಬೇರೆ ಇಡುವುದು ಐಸೊಲೇಷನ್.

ಹೆಪ್ಪಿನ ಈ ಲೆಕ್ಕ ಗೊತ್ತಿದ್ದರೆ, 2021ರ ಸೆಪ್ಟೆಂಬರ್ 10ರಂದು ಮ್ಯಾಂಚೆಸ್ಟರ್‌ನಲ್ಲಿ ನಡೆದದ್ದೂ ಅರ್ಥವಾಗುತ್ತದೆ. ಭಾರತ ತಂಡದ ಸಹಾಯಕ ಫಿಸಿಯೋಗೆ ಸೋಂಕು ದೃಢಪಟ್ಟಿತ್ತು. ಆಟಗಾರರೆಲ್ಲರ ವರದಿ ನೆಗೆಟಿವ್ ಬಂದಿತ್ತು. ಆದರೂ ಐದನೇ ಟೆಸ್ಟ್ ಆರಂಭವಾಗಬೇಕಿದ್ದ ಬೆಳಿಗ್ಗೆಯೇ ರದ್ದಾಯಿತು. ನೆಗೆಟಿವ್ ಬಂದಿದ್ದರೂ ಆಡಲು ಹೆದರಿದರೆಂದು ಟೀಕಿಸಿದವರಿದ್ದರು. ಆ ಫಿಸಿಯೋ ಹಿಂದಿನ ದಿನಗಳಲ್ಲಿ ಆಟಗಾರರಿಗೆ ಚಿಕಿತ್ಸೆ ಕೊಟ್ಟಿದ್ದರು. ಹೆಪ್ಪು ಬಿದ್ದಿದೆಯೋ ಇಲ್ಲವೋ ಎಂದು ಆ ಬೆಳಿಗ್ಗೆಯ ವರದಿಯಿಂದ ಹೇಳುವಂತಿರಲಿಲ್ಲ. ಆ ಪಂದ್ಯ ನಡೆದದ್ದು ಮರುವರ್ಷದ ಜುಲೈನಲ್ಲಿ, ಬರ್ಮಿಂಗ್‌ಹ್ಯಾಮ್‌ನಲ್ಲಿ.

ಬಾಗಿಲುಗಳನ್ನು ಎಣಿಸಿ

ಈಗ ಮೊದಲಿನ ಪ್ರಶ್ನೆಗೆ ಬರೋಣ. 2020ರಲ್ಲಿ ಯುಎಇಯಲ್ಲಿ ಸುಸೂತ್ರವಾಗಿ ಮುಗಿದ ಐಪಿಎಲ್, 2021ರಲ್ಲಿ ಭಾರತದಲ್ಲಿ ಏಕೆ ನಿಂತಿತು? ಪರೀಕ್ಷೆ, ಮಾಸ್ಕ್, ಕ್ವಾರಂಟೈನ್ ಎರಡೂ ಕಡೆ ಇದ್ದವು. ಎರಡನೇ ಸಲವಂತೂ ಆಟಗಾರರು ಗೆರೆ ದಾಟದಂತೆ ನೋಡಿಕೊಳ್ಳಲೆಂದೇ ಪ್ರತಿ ತಂಡದ ಜೊತೆ ‘ಬಬಲ್ ಇಂಟೆಗ್ರಿಟಿ ಮ್ಯಾನೇಜರ್’ ಎಂಬ ಕಾವಲಿನವರನ್ನೂ ನೇಮಿಸಲಾಗಿತ್ತು.

ವ್ಯತ್ಯಾಸ ಇದ್ದದ್ದು ಬಾಗಿಲುಗಳ ಸಂಖ್ಯೆಯಲ್ಲಿ. ಯುಎಇಯಲ್ಲಿ ಪಂದ್ಯಗಳು ನಡೆದದ್ದು ದುಬೈ, ಅಬುಧಾಬಿ, ಶಾರ್ಜಾ ಎಂಬ ಮೂರು ಊರುಗಳಲ್ಲಿ. ನಡುವೆ ಬಸ್ಸಿನಲ್ಲೇ ಓಡಾಡಬಹುದು. ತಂಡ ಒಮ್ಮೆ ಹೋಟೆಲ್ ಸೇರಿದರೆ ಅದೇ ಹೋಟೆಲ್. 2021ರಲ್ಲಿ ಚೆನ್ನೈ, ಮುಂಬೈ, ಅಹಮದಾಬಾದ್, ದೆಹಲಿ, ಬೆಂಗಳೂರು, ಕೋಲ್ಕತ್ತ ಎಂದು ಆರು ನಗರಗಳನ್ನು ಗೊತ್ತುಮಾಡಲಾಗಿತ್ತು. ಒಂದು ನಗರದಿಂದ ಇನ್ನೊಂದಕ್ಕೆ ಹೋಗುವಾಗ ವಿಮಾನ ನಿಲ್ದಾಣ, ವಿಮಾನ, ಹೊಸ ಹೋಟೆಲ್, ಹೊಸ ಅಡುಗೆಯವರು, ಹೊಸ ಚಾಲಕ, ಹೊಸ ಮೈದಾನ ಸಿಬ್ಬಂದಿ. ಭರಣಿಯ ಬಾಯಿ ಪ್ರತಿ ಸಲವೂ ತೆರೆಯಿತು. ಹೊರಗೆ ಎರಡನೇ ಅಲೆಯಲ್ಲಿ ದಿನಕ್ಕೆ ಮೂರೂವರೆ ಲಕ್ಷಕ್ಕೂ ಹೆಚ್ಚು ಹೊಸ ಪ್ರಕರಣಗಳು. ಬಹುತೇಕ ಆಟಗಾರರ ವಯೋಮಾನಕ್ಕೆ ಲಸಿಕೆ ತೆರೆದದ್ದೇ ಮೇ 1ರಂದು.

ಏಪ್ರಿಲ್ ಕೊನೆಗೆ ಆರ್‌ಸಿಬಿಯ ಆ್ಯಡಂ ಜಂಪಾ ಮತ್ತು ಕೇನ್ ರಿಚರ್ಡ್‌ಸನ್ ತಂಡ ಬಿಟ್ಟು ಊರಿಗೆ ಹೊರಟರು. ಮೇ 3ರಂದು ಅಹಮದಾಬಾದ್‌ನಲ್ಲಿ ಆರ್‌ಸಿಬಿ ಎದುರು ಆಡಬೇಕಿದ್ದ ಕೋಲ್ಕತ್ತ ತಂಡದ ಇಬ್ಬರು ಬೌಲರ್‌ಗಳಿಗೆ ಸೋಂಕು ಖಚಿತವಾಗಿ ಆ ಪಂದ್ಯ ಮುಂದೂಡಲ್ಪಟ್ಟಿತು. ಮರುದಿನ ಹೈದರಾಬಾದ್ ಮತ್ತು ದೆಹಲಿ ತಂಡಗಳಲ್ಲೂ ಒಬ್ಬೊಬ್ಬರು. 60 ಪಂದ್ಯಗಳಲ್ಲಿ 29 ಮುಗಿದಿದ್ದಾಗ ಲೀಗ್ ನಿಂತಿತು. ಚಿನ್ನಸ್ವಾಮಿ ಕ್ರೀಡಾಂಗಣದ ಸರದಿ ಬರಲೇ ಇಲ್ಲ. ಉಳಿದ ಪಂದ್ಯಗಳು ಸೆಪ್ಟೆಂಬರ್ 19ರಿಂದ ಮತ್ತೆ ಯುಎಇಯಲ್ಲೇ ನಡೆದವು.

ಬಾಗಿಲಿನ ಮಹತ್ವವನ್ನು ಒಂದು ಕಾಲ್ಪನಿಕ ಲೆಕ್ಕದಿಂದ ನೋಡಬಹುದು. 30 ಜನರ ತಂಡ, 60 ದಿನಗಳ ಟೂರ್ನಿ: ಒಟ್ಟು 1,800 ‘ಮನುಷ್ಯ-ದಿನ’. ಒಬ್ಬ ವ್ಯಕ್ತಿ ಒಂದು ದಿನದಲ್ಲಿ ಹೊರಗಿನ ಸೋಂಕನ್ನು ಒಳತರುವ ಸಂಭವ ಸಾವಿರಕ್ಕೆ ಒಂದು ಎಂದುಕೊಳ್ಳಿ. ನಗಣ್ಯವೆಂದು ತೋರುತ್ತದೆ. ಆದರೆ 1,800 ಸಲವೂ ತಪ್ಪಿಸಿಕೊಳ್ಳಬೇಕೆಂದರೆ, ಇಡೀ ಟೂರ್ನಿಯನ್ನು ಸೋಂಕಿಲ್ಲದೆ ದಾಟುವ ಸಾಧ್ಯತೆ ಹೆಚ್ಚುಕಡಿಮೆ ಆರರಲ್ಲಿ ಒಂದು ಮಾತ್ರ. ಅದೇ ಸಂಭವವನ್ನು ಹತ್ತು ಸಾವಿರಕ್ಕೆ ಒಂದಕ್ಕೆ ಇಳಿಸಿದರೆ ದಾಟುವ ಸಾಧ್ಯತೆ ಆರರಲ್ಲಿ ಐದಕ್ಕೆ ಏರುತ್ತದೆ. ಒಂದೇ ಕಟ್ಟಡದಲ್ಲಿ ಕಬಡ್ಡಿ ಆಡಿಸಿದ್ದು, ಗೋವಾದ ಮೂರೇ ಕ್ರೀಡಾಂಗಣಗಳಲ್ಲಿ 2020-21ರ ಐಎಸ್‌ಎಲ್ ಫುಟ್‌ಬಾಲ್ ಅನ್ನು ಪೂರ್ತಿ ಮುಗಿಸಿದ್ದು ಈ ಇಳಿಕೆಗಾಗಿ.

ಬಬಲ್ ಗೊಡವೆಯೇ ಬೇಡವೆಂದು ಹೊರಟ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ 2020ರ ಜುಲೈ 23ರಂದು ಆರಂಭವಾಯಿತು. ವಾರ ತುಂಬುವುದರೊಳಗೆ ಮಯಾಮಿ ಮಾರ್ಲಿನ್ಸ್ ತಂಡದ ಹದಿನೈದಕ್ಕೂ ಹೆಚ್ಚು ಆಟಗಾರರಿಗೆ ಸೋಂಕು ತಗುಲಿತ್ತು.

ಬೀಗ ಹಾಕಿದ ಮೇಲೆ ಒಳಗಿರುವವರು

ಭರಣಿಯ ಹೋಲಿಕೆ ಒಂದು ಕಡೆ ಮುರಿಯುತ್ತದೆ: ಉಪ್ಪಿನಕಾಯಿಗೆ ಬೇಸರವಾಗುವುದಿಲ್ಲ. ಒಂದು ಸರಣಿಯ ಬಬಲ್‌ನಿಂದ ಇನ್ನೊಂದಕ್ಕೆ ತಿಂಗಳುಗಟ್ಟಲೆ ಸಾಗುವ ಆಟಗಾರನಿಗೆ ಹೋಟೆಲಿನ ಕಾರಿಡಾರ್, ಬಾಗಿಲ ಮುಂದೆ ಇಟ್ಟು ಹೋಗುವ ಊಟದ ಡಬ್ಬಿ ಮತ್ತು ಮೊಬೈಲ್ ಪರದೆಯಲ್ಲಿ ಕಾಣುವ ಮಕ್ಕಳ ಮುಖ ಇವಷ್ಟೇ ಪ್ರಪಂಚ. ‘ಬಬಲ್ ಆಯಾಸ’ ಎಂಬ ಮಾತು ಹುಟ್ಟಿಕೊಂಡಿದ್ದು ಹೀಗೆ. ಇಂಗ್ಲೆಂಡಿನ ಬೆನ್ ಸ್ಟೋಕ್ಸ್ 2021ರ ಜುಲೈನಲ್ಲಿ ಮಾನಸಿಕ ಸ್ವಾಸ್ಥ್ಯದ ಕಾರಣ ನೀಡಿ ಕ್ರಿಕೆಟ್‌ನಿಂದಲೇ ಅನಿರ್ದಿಷ್ಟ ವಿರಾಮ ತೆಗೆದುಕೊಂಡರು.

ಇದನ್ನು ಸೋಂಕು ತಡೆಯ ದೃಷ್ಟಿಯಿಂದಲೂ ನೋಡಬೇಕು, ಏಕೆಂದರೆ ಬೇಸತ್ತವನೇ ಗೆರೆ ದಾಟುವವನು. 2021ರ ಮೇ ತಿಂಗಳಲ್ಲಿ ಏಷ್ಯಾದ ಕ್ಲಬ್ ಫುಟ್‌ಬಾಲ್ ಟೂರ್ನಿಯಾದ ಎಎಫ್‌ಸಿ ಕಪ್ ಪಂದ್ಯಕ್ಕೆಂದು ಮಾಲ್ಡೀವ್ಸ್‌ನ ಮಾಲೆಗೆ ಹೋಗಿದ್ದ ಬೆಂಗಳೂರು ಎಫ್‌ಸಿ ತಂಡದ ಮೂವರು ನಿಯಮ ಮೀರಿದ ಮೇಲೆ, ತಂಡ ದೇಶ ಬಿಟ್ಟು ಹೋಗಲಿ ಎಂದು ಅಲ್ಲಿನ ಕ್ರೀಡಾ ಸಚಿವರೇ ಹೇಳಿದರು. ಕ್ಲಬ್‌ನ ಮಾಲೀಕರು ಬಹಿರಂಗವಾಗಿ ಕ್ಷಮೆ ಕೇಳಿದರು, ಪಂದ್ಯ ಆಗ ನಡೆಯದೆ ಮುಂದೂಡಲ್ಪಟ್ಟಿತು. ಇಂಥದ್ದನ್ನು ತಪ್ಪಿಸಲೆಂದೇ ಎಷ್ಟೋ ಲೀಗ್‌ಗಳು ಕುಟುಂಬದವರನ್ನೂ ಕ್ವಾರಂಟೈನ್ ಮುಗಿಸಿ ಬಬಲ್ ಒಳಗೆ ಬಿಟ್ಟುಕೊಂಡವು. ಬಾಗಿಲು ಒಂದು ಹೆಚ್ಚಾದರೂ ಗೋಡೆ ಹಾರುವವರು ಕಡಿಮೆಯಾಗಲೆಂಬ ಲೆಕ್ಕಾಚಾರ.

ಒದ್ದೆ ಚಮಚ ಒಳಗೆ ಹೋದರೆ?

ಎಷ್ಟೇ ಎಚ್ಚರವಿದ್ದರೂ ಒಂದು ದಿನ ಯಾರದ್ದಾದರೂ ವರದಿ ಪಾಸಿಟಿವ್ ಬರುತ್ತದೆ. ಆಗಿನ ಮೊದಲ ಕೆಲಸ ಆ ವ್ಯಕ್ತಿಯ ಐಸೊಲೇಷನ್. ಎರಡನೆಯದು ಹಿಂದಿನ ಎರಡು ದಿನ ಅವರ ಪಕ್ಕದಲ್ಲಿ ಯಾರು ಕೂತಿದ್ದರು, ಎಷ್ಟು ಹೊತ್ತು, ಮಾಸ್ಕ್ ಇತ್ತೇ ಎಂದು ಹುಡುಕುವುದು. ನೆನಪನ್ನು ನಂಬಿದರೆ ತಪ್ಪಾಗಬಹುದೆಂದು ಐಪಿಎಲ್‌ನಲ್ಲಿ ಪ್ರತಿಯೊಬ್ಬರಿಗೂ ಬ್ಲೂಟೂತ್ ಪಟ್ಟಿ ಕೊಟ್ಟು, ಯಾರು ಯಾರ ಹತ್ತಿರ ಇದ್ದರೆಂಬುದನ್ನು ಅದರಲ್ಲೇ ದಾಖಲಿಸುವ ಏರ್ಪಾಡು ಮಾಡಲಾಗಿತ್ತು.

ಹತ್ತಿರದ ಸಂಪರ್ಕ ಎಂಬುದನ್ನು ಎಷ್ಟು ವಿಸ್ತಾರವಾಗಿ ಅರ್ಥೈಸಬೇಕು ಎಂಬುದರಲ್ಲಿ ದೇಶದೇಶಕ್ಕೆ ವ್ಯತ್ಯಾಸವಿತ್ತು. 2021ರ ಆಸ್ಟ್ರೇಲಿಯನ್ ಓಪನ್‌ಗೆ ಬಂದ ವಿಶೇಷ ವಿಮಾನಗಳಲ್ಲಿ ಕೆಲವು ಪ್ರಯಾಣಿಕರಿಗೆ ಸೋಂಕು ಕಂಡದ್ದಕ್ಕೆ, ಆ ವಿಮಾನಗಳಲ್ಲಿದ್ದ 72 ಆಟಗಾರರನ್ನು 14 ದಿನ ಕೋಣೆಯಿಂದ ಹೊರಗೇ ಬಿಡಲಿಲ್ಲ. ಕೆಲವರು ಹಾಸಿಗೆಯನ್ನು ಗೋಡೆಗೆ ಒರಗಿಸಿ ಅದಕ್ಕೇ ಚೆಂಡು ಹೊಡೆದು ಅಭ್ಯಾಸ ಮಾಡಿದರು.

ವೈಟ್‌ಫೀಲ್ಡ್‌ನ ಹೋಟೆಲಿಗೂ ಸೋಂಕು ಬಂತು. 2022ರ ಜನವರಿಯಲ್ಲಿ, ಹೊರಗೆ ವಾರಾಂತ್ಯದ ಕರ್ಫ್ಯೂ ಹೇರುವಷ್ಟು ಓಮಿಕ್ರಾನ್ ಹಬ್ಬಿದ್ದಾಗ, ಎರಡು ತಂಡಗಳಿಗೆ ಪಂದ್ಯಕ್ಕೆ ಬೇಕಾದ 12 ಆಟಗಾರರನ್ನು ಹೊಂದಿಸುವುದೇ ಕಷ್ಟವಾಯಿತು. ಸಂಘಟಕರು ಆ ತಂಡಗಳ ಪಂದ್ಯಗಳನ್ನು ಮುಂದಕ್ಕೆ ಹಾಕಿ, ಉಳಿದವರ ಪಂದ್ಯಗಳನ್ನು ಹಿಂದಕ್ಕೆ ತಂದು ವೇಳಾಪಟ್ಟಿಯನ್ನು ಮತ್ತೆ ಹೆಣೆದರು. ಎಲ್ಲರೂ ಒಂದೇ ಸೂರಿನಡಿ ಇದ್ದುದರಿಂದ ಇದು ಸಾಧ್ಯವಾಯಿತು. ನಾಳಿನ ಎದುರಾಳಿ ಪಕ್ಕದ ಮಹಡಿಯಲ್ಲೇ ಇದ್ದಾಗ ಪಂದ್ಯ ಬದಲಿಸಲು ವಿಮಾನದ ಟಿಕೆಟ್ ಬೇಕಿಲ್ಲ. ಫೆಬ್ರವರಿ 25ರ ಫೈನಲ್‌ನಲ್ಲಿ ದಬಂಗ್ ಡೆಲ್ಲಿ, ಪಟ್ನಾ ಪೈರೇಟ್ಸ್ ಅನ್ನು 37-36ರಿಂದ ಸೋಲಿಸಿತು.

ನೂರು ವರ್ಷ ಹಿಂದಿನ ಇನ್‌ಫ್ಲುಯೆನ್ಜಾ ಸಾಂಕ್ರಾಮಿಕದಲ್ಲಿ ಇಂಥ ಯಾವ ಉಪಾಯವೂ ಇರಲಿಲ್ಲ. 1919ರಲ್ಲಿ ಸಿಯಾಟಲ್‌ನಲ್ಲಿ ನಡೆಯುತ್ತಿದ್ದ ಐಸ್ ಹಾಕಿಯ ಸ್ಟ್ಯಾನ್ಲಿ ಕಪ್ ಫೈನಲ್ ಸರಣಿ ಸಮಬಲದಲ್ಲಿದ್ದಾಗ, ಮಾಂಟ್ರಿಯಲ್ ತಂಡದ ಆಟಗಾರರು ಜ್ವರದಿಂದ ಮಲಗಿಬಿಟ್ಟರು. ಏಪ್ರಿಲ್ 1ರ ನಿರ್ಣಾಯಕ ಪಂದ್ಯವನ್ನು ರದ್ದು ಮಾಡಲಾಯಿತು. ನಾಲ್ಕು ದಿನಗಳ ನಂತರ ಅವರಲ್ಲೊಬ್ಬರಾದ ಜೋ ಹಾಲ್ ತೀರಿಕೊಂಡರು. ಆ ವರ್ಷ ಕಪ್ ಯಾರಿಗೂ ಸಲ್ಲಲಿಲ್ಲ.

ಎಂಜಲಿನ ಕಥೆ

ಈ ಏರ್ಪಾಡುಗಳಲ್ಲಿ ಬಹುತೇಕ ಎಲ್ಲವೂ ಈಗ ಕಣ್ಮರೆಯಾಗಿವೆ. ಉಳಿದುಕೊಂಡ ಒಂದಕ್ಕೆ ಬೆಂಗಳೂರಿನ ನಂಟಿದೆ. ಚೆಂಡಿನ ಒಂದು ಬದಿಗೆ ಎಂಜಲು ಹಚ್ಚಿ ಉಜ್ಜಿ ಹೊಳಪು ಉಳಿಸಿಕೊಳ್ಳುವುದು ವೇಗಿಗಳ ಹಳೆಯ ಅಭ್ಯಾಸ. ಹೊಳೆಯುವ ಬದಿ ಮತ್ತು ಒರಟು ಬದಿಯ ವ್ಯತ್ಯಾಸದಿಂದ ಚೆಂಡು ಗಾಳಿಯಲ್ಲಿ ಹೊರಳುತ್ತದೆ. ಅನಿಲ್ ಕುಂಬ್ಳೆ ಅಧ್ಯಕ್ಷತೆಯ ಐಸಿಸಿ ಕ್ರಿಕೆಟ್ ಸಮಿತಿ 2020ರ ಮೇ ತಿಂಗಳಲ್ಲಿ ಇದನ್ನು ನಿಷೇಧಿಸಲು ಶಿಫಾರಸು ಮಾಡಿತು, ಬೆವರಿಗೆ ಮಾತ್ರ ಅಡ್ಡಿಯಿರಲಿಲ್ಲ. ಜೂನ್‌ನಲ್ಲಿ ತಾತ್ಕಾಲಿಕವಾಗಿ ಬಂದ ನಿಯಮದ ಪ್ರಕಾರ ಒಂದು ಇನಿಂಗ್ಸ್‌ನಲ್ಲಿ ಎರಡು ಎಚ್ಚರಿಕೆ, ಆಮೇಲೂ ಹಚ್ಚಿದರೆ ಎದುರಾಳಿಗೆ 5 ರನ್. ಬೆವರೇ ಸಾಕಾಗುತ್ತದೆಂಬ ಅನುಭವದ ಮೇಲೆ 2022ರ ಅಕ್ಟೋಬರ್ 1ರಿಂದ ಅಂತರರಾಷ್ಟ್ರೀಯ ಕ್ರಿಕೆಟ್‌ನಲ್ಲಿ ಈ ನಿಷೇಧ ಶಾಶ್ವತವಾಯಿತು. ಐಪಿಎಲ್ ಮಾತ್ರ 2025ರ ಆವೃತ್ತಿಗೆ ಮುನ್ನ ತಂಡಗಳ ನಾಯಕರನ್ನು ಕೇಳಿ ನಿಷೇಧವನ್ನು ತೆಗೆದುಹಾಕಿತು, ಬೌಲರ್‌ಗಳು ಮತ್ತೆ ಚೆಂಡಿಗೆ ಎಂಜಲು ಹಚ್ಚತೊಡಗಿದರು.